ಜನವರಿಯಿಂದ ಮಾರ್ಚ್: ವಾರ್ಷಿಕೋತ್ಸವ, ಪೂರ್ವಸಿದ್ಧತಾ ಪರೀಕ್ಷೆ, ಬೀಳ್ಕೊಡುಗೆ ಎಲ್ಲಾ ಒಟ್ಟಿಗೇ ಬಂದಾಗ ಹೈಸ್ಕೂಲು ನಡೆಸೋದು ಹೇಗೆ?

ಪ್ರಭಾರಿ_ಮುಖ್ಯಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆ, ಎಂಟರಿಂದ ಹತ್ತರವರೆಗೆ 184 ಮಕ್ಕಳು, ಹತ್ತನೇ ತರಗತಿಯಲ್ಲಿ 61. ಒಂದು ಹುದ್ದೆ ಖಾಲಿ, ಅಲ್ಲಿಗೆ ಅತಿಥಿ ಶಿಕ್ಷಕರಿದ್ದಾರೆ. ಫೆಬ್ರವರಿ ಮೊದಲ ವಾರದಲ್ಲಿ ರಾತ್ರಿ ವಾರ್ಷಿಕೋತ್ಸವ ಆಗಲೇಬೇಕು ಅಂತ ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿ) ಒತ್ತಾಯ. ಹತ್ತನೇ ಮಕ್ಕಳನ್ನು ತಾಲೀಮಿಗೆ ಬಿಡೋದೇ ಇಲ್ಲ ಅಂತ ವಿಷಯ ಶಿಕ್ಷಕರ ಹಟ. ಇದರ ಮಧ್ಯೆ ಪೂರ್ವಸಿದ್ಧತಾ ಪರೀಕ್ಷೆ, ನಾಲ್ಕನೇ ಎಫ್‌ಎ (ಶಾಲೆಯಲ್ಲೇ ಮಾಡೋ ರೂಪಣಾತ್ಮಕ ಮೌಲ್ಯಮಾಪನ) ಅಂಕ ಅಪ್‌ಲೋಡ್, ಪೋಷಕರ ಸಭೆ, ಸಂಜೆ ವಿಶೇಷ ತರಗತಿ. ಯಾವುದನ್ನು ಎಲ್ಲಿ ಇಟ್ಟರೆ ಒಂದಕ್ಕೊಂದು ಡಿಕ್ಕಿ ಹೊಡೆಯಲ್ಲ? ಅನುಭವ ಇರೋರು ವಿವರವಾಗಿ ಹೇಳಿ. "ಎಲ್ಲಾ ಸಮತೋಲನ ಮಾಡ್ಕೊಳ್ಳಿ ಮೇಡಂ" ಅನ್ನೋ ಉತ್ತರ ಈಗಾಗಲೇ ಬೇಕಾದಷ್ಟು ಸಿಕ್ಕಿದೆ.

ಲೆಕ್ಕದ_ಮೇಷ್ಟ್ರು

ಮೇಡಂ, ದಿನ ಎಣಿಸಬೇಡಿ, ಪೀರಿಯಡ್ ಎಣಿಸಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆ-1, ಅಂದರೆ ಹತ್ತನೆಯವರ ಬೋರ್ಡ್ ಪರೀಕ್ಷೆಯ ಮೊದಲ ಸುತ್ತು, 2025ರಲ್ಲಿ ಮಾರ್ಚ್ 21ಕ್ಕೆ ಶುರುವಾಗಿತ್ತು. ಅಲ್ಲಿಂದ ಹಿಂದಕ್ಕೆ ಬನ್ನಿ. ಭಾನುವಾರ, ಸಂಕ್ರಾಂತಿ, ಗಣರಾಜ್ಯೋತ್ಸವ, ಶಿವರಾತ್ರಿ, ಸ್ಥಳೀಯ ಜಾತ್ರೆ ಕಳೆದರೆ ಜನವರಿಯಿಂದ ಕೈಗೆ ಸಿಗೋದು ಸುಮಾರು 60 ಕೆಲಸದ ದಿನ. ಪೂರ್ವಸಿದ್ಧತಾ ಪರೀಕ್ಷೆ ಒಂದಕ್ಕೆ ಆರು ದಿನ. ಮೂರು ಮಾಡಿದರೆ 18 ಹೋಯ್ತು, 42 ಉಳೀತು. ದಿನಕ್ಕೊಂದು ಪೀರಿಯಡ್ ಅಂದರೆ ಒಂದು ವಿಷಯಕ್ಕೆ 42 ಪೀರಿಯಡ್. ಈಗ ವಾರ್ಷಿಕೋತ್ಸವದ ತಾಲೀಮು ಅಂತ 15 ದಿನ ಊಟದ ನಂತರದ ಮೂರು ಪೀರಿಯಡ್ ಬಿಟ್ಟುಕೊಡಿ, 45 ಪೀರಿಯಡ್ ಆಯ್ತು. ಅಂದರೆ ಒಂದು ಇಡೀ ವಿಷಯದ ಮೂರು ತಿಂಗಳು ಕುಣಿತಕ್ಕೆ ಹೋದ ಹಾಗೆ. ನಮ್ಮ ಜಗಳ ಕಾರ್ಯಕ್ರಮದ ಮೇಲಲ್ಲ, ಈ 45ರ ಮೇಲೆ.

ಪಠ್ಯ ಡಿಸೆಂಬರ್ ಕೊನೆಗೆ ಮುಗಿದಿರಬೇಕು. ಮುಗಿದಿಲ್ಲದಿದ್ದರೆ ಮೊದಲನೇ ಪೂರ್ವಸಿದ್ಧತೆಯನ್ನು ಆಗಿರೋ ಪಾಠಕ್ಕಷ್ಟೇ ಸೀಮಿತ ಮಾಡಿ. ಕಲಿಸದ ಪಾಠದ ಪ್ರಶ್ನೆಗೆ ಸೊನ್ನೆ ತೆಗೆದ ಮಗು ತನಗೇ ಬುದ್ಧಿ ಇಲ್ಲ ಅಂದುಕೊಳ್ಳುತ್ತೆ.

ಪರೀಕ್ಷೆ ಮಾಡೋದು ಸುಲಭ, ಅದರಿಂದ ಏನು ತಿಳೀತು ಅನ್ನೋದೇ ಮುಖ್ಯ. ಗಣಿತದ ಪತ್ರಿಕೆಯಲ್ಲಿ 38 ಪ್ರಶ್ನೆ: ಬಹು ಆಯ್ಕೆ 8, ಒಂದು ಅಂಕದ್ದು 8, ಎರಡರದ್ದು 8, ಮೂರರದ್ದು 9, ನಾಲ್ಕರದ್ದು 4, ಐದರದ್ದು 1. ಒಟ್ಟು 80. ಒಂದು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ 38 ಮನೆ, ಉದ್ದಕ್ಕೆ ಮಕ್ಕಳ ಹೆಸರು ಬರೆದು ಮೂರೇ ಗುರುತು ಹಾಕಿ: ಸರಿ, ತಪ್ಪು, ಖಾಲಿ. ಖಾಲಿ ಮತ್ತು ತಪ್ಪನ್ನು ಬೇರೆ ಬೇರೆ ಗುರುತಿಸೋದೇ ಇದರ ಜೀವಾಳ. ಕೊನೆಯ ಆರು ಪ್ರಶ್ನೆ ಸಾಲಾಗಿ ಖಾಲಿ ಇದ್ದರೆ ಆ ಮಗುವಿಗೆ ಸಮಯ ಸಾಲುತ್ತಿಲ್ಲ, ಪಾಠ ಮತ್ತೆ ಮಾಡಿ ಪ್ರಯೋಜನವಿಲ್ಲ. ನಡುನಡುವೆ ಖಾಲಿ ಇದ್ದರೆ ಆ ಅಧ್ಯಾಯವೇ ತಲೆಗೆ ಹೋಗಿಲ್ಲ. ಉತ್ತರಪತ್ರಿಕೆ ಮೂರು ದಿನದೊಳಗೆ ಮಕ್ಕಳ ಕೈಗೆ ವಾಪಸ್ ಹೋಗಬೇಕು. ಹತ್ತು ದಿನ ಬಿಟ್ಟು ಕೊಟ್ಟರೆ ಅಂಕ ನೋಡಿ ಮಡಚಿ ಇಡ್ತಾರೆ ಅಷ್ಟೇ.

ರಂಗದ_ಹಿಂದೆ (ದೈಹಿಕ ಶಿಕ್ಷಕ, ನಿರೂಪಣೆಯಿಂದ ಪರದೆವರೆಗೆ ಎಲ್ಲಾ)

ಮೇಷ್ಟ್ರ ಲೆಕ್ಕ ಒಪ್ಪಿದೆ, ತೀರ್ಮಾನ ಒಪ್ಪಲ್ಲ. ಹತ್ತನೇ ಮಕ್ಕಳನ್ನು ಪೂರ್ತಿ ಹೊರಗಿಟ್ಟರೆ ತಾಲೀಮು ನಡೆಯೋ ಹೊತ್ತಿಗೆ ಅವರ ಕಿವಿ ಕಿಟಕಿ ಆಚೆಗೇ ಇರುತ್ತೆ. ಪೀರಿಯಡ್ ಉಳಿಯುತ್ತೆ, ಪಾಠ ಉಳಿಯಲ್ಲ. ಅವರಿಗೆ ಒಂದು ಗುಂಪು ನೃತ್ಯ ಮತ್ತು ನಿರೂಪಣೆ ಕೊಡಿ. ತಾಲೀಮು ಕೊನೆಯ ಒಂದೇ ಪೀರಿಯಡ್, ಹತ್ತೇ ದಿನ. ಎಂಟು, ಒಂಬತ್ತರವರಿಗೆ ಎರಡು ಪೀರಿಯಡ್. ಸ್ಪೀಕರ್ ಹತ್ತನೇ ಕೊಠಡಿಯಿಂದ ಅತಿ ದೂರದ ಮೂಲೆಯಲ್ಲಿರಲಿ.

ಸಮಯ ತಿನ್ನೋದು ನೃತ್ಯ ಅಲ್ಲ, ವೇದಿಕೆ ಕಾರ್ಯಕ್ರಮ. ಲೆಕ್ಕ ನೋಡಿ. 12 ನೃತ್ಯ, ಒಂದೊಂದು ನಾಲ್ಕೂವರೆ ನಿಮಿಷ, ಬದಲಾವಣೆಗೆ ಒಂದೂವರೆ. ಒಟ್ಟು 72 ನಿಮಿಷ. ಬಹುಮಾನ 70 ಇದ್ದರೆ ತಲಾ ಅರ್ಧ ನಿಮಿಷ, 35 ನಿಮಿಷ. ಅದರ ಮೇಲೆ ಸ್ವಾಗತ, ದೀಪ, ವರದಿ ವಾಚನ, ಎಂಟು ಜನ ಅತಿಥಿಗಳಿಗೆ ಶಾಲು-ಹಾರ-ಪೇಟ, ಎಂಟು ಜನರ "ಎರಡೇ ಮಾತು". ಇಲ್ಲಿ ಎರಡು ಗಂಟೆ ಹೋಗುತ್ತೆ. ವಿಷಯವಾರು ಬಹುಮಾನಗಳನ್ನು ಆ ವಾರದ ಬೆಳಗಿನ ಪ್ರಾರ್ಥನೆಯಲ್ಲೇ ದಿನಕ್ಕೆ ಹತ್ತರಂತೆ ಕೊಟ್ಟುಬಿಡಿ, ವೇದಿಕೆಗೆ 15 ಮಾತ್ರ ಉಳಿಸಿ. ಮಕ್ಕಳನ್ನು ಪಟ್ಟಿಯ ಕ್ರಮದಲ್ಲೇ ಮೆಟ್ಟಿಲ ಬಳಿ ನಿಲ್ಲಿಸಿ. ಹೆಸರು ಕೂಗಿದ ಮೇಲೆ ಮೈದಾನದ ಆ ತುದಿಯಿಂದ ಓಡಿ ಬರೋದರಲ್ಲೇ ಅರ್ಧ ಸಮಯ ಹೋಗೋದು. ಮೂರು ನೃತ್ಯ ಮೊದಲು, ಆಮೇಲೆ 40 ನಿಮಿಷದ ಸಭೆ, ಉಳಿದ ಒಂಬತ್ತು ನೃತ್ಯ ಕೊನೆಗೆ. ಎಲ್ಲಾ ನೃತ್ಯ ಕೊನೆಗಿಟ್ಟರೆ ಬಣ್ಣ ಹಚ್ಚಿಕೊಂಡ ಮಕ್ಕಳು ನಾಲ್ಕು ಗಂಟೆ ಊಟ, ನೀರು ಇಲ್ಲದೆ ಕೂತಿರ್ತಾರೆ. ತಲೆಸುತ್ತು ಬಂದು ಬೀಳೋದು ಆವಾಗಲೇ.

ಸಣ್ಣ ಸಣ್ಣ ವಿಷಯ ಇನ್ನೊಂದಿಷ್ಟು. 24 ಅಡಿ ಅಗಲದ ವೇದಿಕೆಯಲ್ಲಿ ಕೈ ಚಾಚಿ ಕುಣಿಯೋಕೆ ಒಬ್ಬರಿಗೆ ನಾಲ್ಕು ಅಡಿ ಬೇಕು. ಸಾಲಿಗೆ ಆರು, ಎರಡು ಸಾಲಿಗೆ 12. ಇಪ್ಪತ್ತು ಜನ ಹತ್ತಿಸಿದರೆ ಹಿಂದಿನ ಸಾಲಿನ ಮಗು ಅದರ ಅಮ್ಮನಿಗೂ ಕಾಣಲ್ಲ. ತಾಲೀಮು ನಡೆಯೋ ಜಾಗದಲ್ಲೂ ಅದೇ 24 ಅಡಿಗೆ ಸುಣ್ಣದ ಗೆರೆ ಹಾಕಿ. ಇಲ್ಲದಿದ್ದರೆ ಮೈದಾನದಲ್ಲಿ ಕಲಿತ ಹೆಜ್ಜೆ ವೇದಿಕೆ ಮೇಲೆ ಡಿಕ್ಕಿ ಆಗುತ್ತೆ. ಹಾಡುಗಳನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ, ಹೆಸರಿನ ಮುಂದೆ 01, 02 ಅಂತ ಕ್ರಮಸಂಖ್ಯೆ ಕೊಡಿ. ಮೊಬೈಲಿಂದ ಹಾಕೋದಾದರೆ ಏರ್‌ಪ್ಲೇನ್ ಮೋಡ್. ಹಾಡಿನ ಮಧ್ಯೆ ಯಾರದೋ ರಿಂಗ್‌ಟೋನ್ ಊರಿಗೆಲ್ಲಾ ಕೇಳಿಸೋದು ಇದೊಂದು ಮರೆತಾಗಲೇ. ಬಾಡಿಗೆ ವೇಷಭೂಷಣ ತಂದಾಗ ಒಂದೊಂದು ಗಂಟಿನೊಳಗೂ ಏನೇನಿದೆ ಅಂತ ಚೀಟಿ ಬರೆದು ಒಳಗೇ ಇಡಿ. ಸೊಂಟಪಟ್ಟಿ, ಗೆಜ್ಜೆ ಕಳೆದುಹೋದರೆ ಮುಂಗಡದಲ್ಲಿ ಮುರಿದುಕೊಳ್ತಾರೆ.

ಸಮಿತಿ_ಅಕ್ಕ (ಹಾವೇರಿ ಕಡೆ, ಪಾಲಕರ ಪ್ರತಿನಿಧಿ)

ರಾತ್ರಿ ಕಾರ್ಯಕ್ರಮ ಯಾಕ ಬೇಕ್ರಿ ಮೇಡಮ್ಮಾರ? ಹೊಲಕ್ಕ ಹೋದವ್ರು ಬರ್ಲಿ ಅಂತ ಸಮಿತಿಯವ್ರು ಹೇಳ್ತಾರ, ಖರೇ ಐತಿ. ಆದ್ರ ಕಾನೂನಿನ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗಿ 6ರತನಕ ಬಯಲಿನ್ಯಾಗ ಮೈಕ್ ಹಚ್ಚಂಗಿಲ್ಲ. ಏಳಕ್ಕ ಅಂತ ಹೇಳಿ ಎಂಟೂವರಿಗೆ ಚಾಲೂ ಮಾಡಿದ್ರ ಉಳಿಯೋದು ಒಂದೂವರೆ ತಾಸು. ಮಧ್ಯಾಹ್ನ ಮೂರಕ್ಕ ಚಾಲೂ ಮಾಡಿ ಏಳಕ್ಕ ಮುಗಿಸ್ರಿ. ಹೊಲದವ್ರು ಐದರ ಸುಮಾರಿಗೆ ಬರ್ತಾರ, ಅವ್ರ ಮಕ್ಕಳ ಕುಣಿತ ಐದೂವರಿ ಮ್ಯಾಲ ಇಡ್ರಿ. ಯಾವ ಮಗೂಂದು ಎಷ್ಟೊತ್ತಿಗೆ ಅಂತ ಚೀಟಿ ಬರ್ದು ಹಿಂದಿನ ದಿನಾನ ಮನಿಗೆ ಕಳಸ್ರಿ. ಪಕ್ಕದ ಹಳ್ಳಿ ಹುಡುಗ್ಯಾರಿಗೆ ಕಡೀ ಬಸ್ ಎಷ್ಟಕ್ಕ ಅನ್ನೋದನ್ನ ಮೊದಲ ನೋಡ್ಕೊಂಡು ಆಮ್ಯಾಲ ಟೈಮ್ ಬರೀರಿ. ಬಸ್ಸಿಗೆ ರೊಕ್ಕ ಇಲ್ಲ ಅನ್ನೋದು ಈಗ ಸಮಸ್ಯೆ ಅಲ್ಲ, ಬಸ್ಸ ಇಲ್ಲ ಅನ್ನೋದು ಸಮಸ್ಯೆ.

ಇನ್ನ ಸಂಜಿ ವಿಶೇಷ ತರಗತಿ. ಒಂದೂವರಿಗೆ ಉಂಡ ಹುಡುಗ್ರು ಐದೂವರಿಗೆ ಸೂತ್ರ ಕೇಳಿದ್ರ ಏನ್ ಹೇಳ್ತಾರ್ರಿ? ಹೊಟ್ಟಿಗೆ ಏನರ ಕೊಡ್ರಿ. 60 ಮಕ್ಕಳಿಗೆ ಎರಡೂವರಿ ಕೆಜಿ ಹೆಸರಕಾಳು ಸಾಕು, ತಲಿಗೆ 40 ಗ್ರಾಂ. ಬೆಳಿಗ್ಗಿ ಎಂಟಕ್ಕ ನೆನಿಹಾಕಿದ್ರ ಮೂರಕ್ಕ ತಯಾರಿರ್ತದ. ಕುಕ್ಕರಿಗೆ ಹಾಕಬ್ಯಾಡ್ರಿ, ಮುದ್ದಿ ಆಗ್ತದ. ತೆರೆದ ಪಾತ್ರಿಯೊಳಗ ಕುದಿಸಿ, ಕಾಳು ಒಡದಕೂಡ್ಲೇ ಬಸೀರಿ. ಒಗ್ಗರಣಿ, ಉಪ್ಪು, ಒಂದಿಷ್ಟು ಕೊಬ್ಬರಿ, ಉಸಳಿ ತಯಾರ. ಮರುದಿನ ಅವಲಕ್ಕಿ: ಮಧ್ಯಮ ದಪ್ಪಂದು, ತೆಳ್ಳಂದು ಒಗ್ಗರಣ್ಯಾಗ ಹಿಟ್ಟಾಗ್ತದ. ಒಂದ ಮಾತು ನೆನಪಿರ್ಲಿ, ಅಕ್ಷರ ದಾಸೋಹದ ದಾಸ್ತಾನು ಮುಟ್ಟಬ್ಯಾಡ್ರಿ. ದಾಸೋಹದ ಅಕ್ಕಿ, ಬ್ಯಾಳಿ, ಹಾಲಿನ ಪುಡಿ ಎಲ್ಲಾ ಹಾಜರಾತಿ ಲೆಕ್ಕದ ಮ್ಯಾಲ ಇರ್ತಾವ; ಹಾಲಿನ ಪುಡಿ ತಲಿಗೆ 18 ಗ್ರಾಂ ಅಂತ ಬರದಿರ್ತದ. ಸಂಜಿ ಉಪಾಹಾರಕ್ಕ ಅದನ್ನ ತಗದ್ರ ತಪಾಸಣಿಯೊಳಗ ಅಡಿಗಿ ಅಕ್ಕಾರ ತಲಿಗೆ ಬರ್ತದ. ದಾನಿಗಳ ಕಡಿಂದ ರೊಕ್ಕದ ಬದ್ಲಿ ಸಾಮಾನು ತಗೋರಿ, ಬ್ಯಾರೆ ನೋಟ್‌ಬುಕ್ಕಿನ್ಯಾಗ ಬರೀರಿ, ಸಿಲಿಂಡರೂ ಬ್ಯಾರೆ ಇರ್ಲಿ.

ಹೊಸ_ಟೀಚರ್

ಲೆಕ್ಕದ ಮೇಷ್ಟ್ರೇ, ನಿಧಾನವಾಗಿ ಕಲಿಯೋ ಮಕ್ಕಳಿಗೆ ಎಲ್ಲರೂ "ಪಾಸಿಂಗ್ ಪ್ಯಾಕೇಜ್" (ಪಾಸಾಗೋಕೆ ಬೇಕಾದಷ್ಟೇ ಪಾಠದ ಸಂಗ್ರಹ) ಕೊಡಿ ಅಂತಾರೆ. ನನಗೆ ಸಿಕ್ಕಿರೋ ಪ್ಯಾಕೇಜೇ 90 ಪುಟ ಇದೆ ಸರ್. ಅದನ್ನು ಓದಿ ಮುಗಿಸೋ ಮಗುವಿಗೆ ಪ್ಯಾಕೇಜೇ ಬೇಡ ಅನ್ಸುತ್ತೆ. ಎಲ್ಲಿಂದ ಶುರು ಮಾಡಲಿ?

ಲೆಕ್ಕದ_ಮೇಷ್ಟ್ರು

90 ಪುಟದ್ದು ತಲೆದಿಂಬಿಗೆ ಆಗುತ್ತೆ. ಗ್ರಾಫ್‌ನಿಂದ ಶುರು ಮಾಡಮ್ಮ. ನಾಲ್ಕು ಅಂಕ, ಪದೇ ಪದೇ ಬರುತ್ತೆ, ಬೀಜಗಣಿತ ಕಮ್ಮಿ ಗೊತ್ತಿದ್ದರೂ ನಡೆಯುತ್ತೆ.

ಎಕ್ಸ್ + ವೈ = 5 ಮತ್ತು 2ಎಕ್ಸ್ − ವೈ = 4 ತಗೋ. ಮಕ್ಕಳು ಎರಡು ಬಿಂದು ಹಾಕಿ ಗೆರೆ ಎಳೀತಾರೆ. ಎರಡರಲ್ಲಿ ಒಂದು ತಪ್ಪಿದ್ದರೂ ಗೆರೆ ಬಂದೇ ಬರುತ್ತೆ, ತಪ್ಪು ಗೊತ್ತಾಗಲ್ಲ. ಮೂರು ಬಿಂದು ಕಡ್ಡಾಯ ಮಾಡು. ಮೊದಲನೆಯದಕ್ಕೆ (0, 5), (3, 2), (5, 0). ಎರಡನೆಯದಕ್ಕೆ (0, −4), (2, 0), (3, 2). ಮೂರೂ ಒಂದೇ ಗೆರೆ ಮೇಲೆ ಕೂರದಿದ್ದರೆ ಕೋಷ್ಟಕ ತಪ್ಪಿದೆ ಅಂತ ಮಗುವಿಗೇ ತಿಳಿಯುತ್ತೆ, ಟೀಚರ್ ಬೇಕಿಲ್ಲ. ಹೆಚ್ಚು ಎಡವೋದು (0, −4)ರಲ್ಲಿ: ಸೊನ್ನೆ ಹಾಕಿದಾಗ −ವೈ = 4 ಬರುತ್ತೆ, ಚಿಹ್ನೆ ತಿರುಗಿಸೋದು ಮರೆತು 4 ಅಂತ ಬರೀತಾರೆ. ಆಮೇಲೆ ಅಳತೆ, ಅಂದರೆ 1 ಸೆಂ.ಮೀ. = 1 ಮಾನ ಅಂತ ಮೂಲೆಯಲ್ಲಿ ಬರೆಯೋದು, ಅಕ್ಷಗಳಿಗೆ ಹೆಸರು, ಛೇದಿಸೋ ಬಿಂದುವಿನ ಸುತ್ತ ಸಣ್ಣ ವೃತ್ತ. ಕೊನೆಗೆ "ಎಕ್ಸ್ = 3, ವೈ = 2" ಅಂತ ಕೆಳಗೆ ಬರೀಬೇಕು. ಗ್ರಾಫ್ ಸರಿ ಇದ್ದೂ ಈ ಒಂದು ಸಾಲು ಬಿಟ್ಟು ಅಂಕ ಕಳ್ಕೊಳ್ಳೋರು ಬಹಳ. ಪೆನ್ಸಿಲ್ ಚೂಪಾಗಿರಲಿ, ಮೊಂಡು ಪೆನ್ಸಿಲ್‌ನಲ್ಲಿ ಗೆರೆಗಳು ಅರ್ಧ ಮನೆ ಆಚೆ ಛೇದಿಸುತ್ತವೆ.

ಇದಾದ ಮೇಲೆ ಸರಾಸರಿ-ಬಹುಲಕ-ಮಧ್ಯಾಂಕ, ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಅನ್ನೋ ಪ್ರಮೇಯ, ಸಮಾಂತರ ಶ್ರೇಢಿಯ ಎನ್-ನೇ ಪದ, ದೂರ ಸೂತ್ರ. ಈ ಕ್ರಮದಲ್ಲಿ ಒಂದೊಂದಕ್ಕೆ ಮೂರು ದಿನ. ಎರಡು ಒಟ್ಟಿಗೆ ಶುರು ಮಾಡಬೇಡ. ಸಮಾಜ ವಿಜ್ಞಾನದವರಿಗೂ ಹೇಳು, ಅಲ್ಲಿ ನಕ್ಷೆಗೆ ಇದೇ ಕೆಲಸ. ದಿನಾ ಪ್ರಾರ್ಥನೆಗೆ ಮೊದಲು ಐದು ನಿಮಿಷ ಭಾರತದ ನಕ್ಷೆ ಕೈಯಲ್ಲೇ ಬಿಡಿಸಿ, 23½° ಉತ್ತರ ಅಕ್ಷಾಂಶ ಮತ್ತು 82½° ಪೂರ್ವ ರೇಖಾಂಶ ಎಳೆದ ಮೇಲೆ ಊರು ಗುರುತಿಸೋದು. ಆ ಎರಡು ಗೆರೆ ಸರಿಯಾಗಿ ಬಿದ್ದರೆ ಉಳಿದ ಸ್ಥಳ ತಪ್ಪೋದು ಕಮ್ಮಿ.

ಇನ್ನೊಂದು. ವೆಬ್‌ಕಾಸ್ಟಿಂಗ್ (ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡೋದು) ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳೀತು, ಹಿಂದಿನ ವರ್ಷ ಶೇ. 83.89 ಇತ್ತು. ಪರೀಕ್ಷಾ ಕೊಠಡಿಯಲ್ಲಿ "ಹೇಗೋ ಆಗುತ್ತೆ" ಅನ್ನೋ ಕಾಲ ಹೋಯ್ತು. ಪೂರ್ವಸಿದ್ಧತೆಯನ್ನೂ ಪೂರ್ತಿ ಸಮಯ ಕೂರಿಸಿ, ಬೆಲ್ ಹೊಡೆದು, ಓದೋಕೆ ಮೊದಲ 15 ನಿಮಿಷ ಪೆನ್ ಮುಟ್ಟಿಸದೆ ನಡೆಸಬೇಕು. ಪ್ರಶ್ನೆಪತ್ರಿಕೆ ಹಿಂದಿನ ದಿನ ವಾಟ್ಸಾಪ್‌ನಲ್ಲಿ ಓಡಾಡಿದ್ದರೆ ಅದರ ಅಂಕ ನೋಡಿ ಯೋಜನೆ ಹಾಕಬೇಡ.

ಆಫೀಸ್_ರೂಮ್

ಎಲ್ಲರೂ ಪಾಠ, ಕುಣಿತ ಅಂತಿದ್ದೀರಿ. ಮಾರ್ಚ್‌ನಲ್ಲಿ ನಿಜವಾಗಿ ಅಳಿಸೋದು ನಾಮಿನಲ್ ರೋಲ್, ಅಂದರೆ ಪರೀಕ್ಷೆ ಬರೆಯೋ ಮಕ್ಕಳ ವಿವರದ ಪಟ್ಟಿ. ಪ್ರವೇಶಪತ್ರದಲ್ಲಿ ಬರೋ ಹೆಸರೇ ಅಂಕಪಟ್ಟಿಗೆ ಹೋಗುತ್ತೆ, ಅಂಕಪಟ್ಟಿಯ ಜನ್ಮದಿನಾಂಕವೇ ಮುಂದೆ ಪಾಸ್‌ಪೋರ್ಟ್‌ವರೆಗೂ ನಡೆಯುತ್ತೆ. ಕರಡು ಪಟ್ಟಿ ಬಂದ ದಿನವೇ ಪ್ರಿಂಟ್ ತೆಗೆದು ದಾಖಲಾತಿ ವಹಿ ಪಕ್ಕದಲ್ಲಿಟ್ಟು ಇಬ್ಬರು ಕೂತು ನೋಡಬೇಕು, ಒಬ್ಬರು ಓದೋದು, ಇನ್ನೊಬ್ಬರು ವಹಿಯಲ್ಲಿ ಬೆರಳಿಡೋದು. ಒಬ್ಬರೇ ನೋಡಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದುತ್ತೆ.

ತಪ್ಪಾಗೋ ಜಾಗ ಪ್ರತಿ ವರ್ಷ ಅವೇ: ಇನಿಷಿಯಲ್ ಹಿಂದೆಯೋ ಮುಂದೆಯೋ, ಇಂಗ್ಲಿಷ್ ಅಕ್ಷರದಲ್ಲಿ ಒಂದು 'ಎಚ್' ಹೆಚ್ಚೋ ಕಮ್ಮಿಯೋ, ತಂದೆ-ತಾಯಿ ಹೆಸರು ಅದಲು ಬದಲು, ಅವಳಿ ಮಕ್ಕಳ ಫೋಟೊ ಒಬ್ಬರದು ಇನ್ನೊಬ್ಬರಿಗೆ, ಪ್ರಥಮ ಮತ್ತು ತೃತೀಯ ಭಾಷೆ ತಿರುಗುಮುರುಗು. ಭಾಷೆ ತಪ್ಪಿದ್ದರೆ ಪರೀಕ್ಷೆ ದಿನ ಬೇರೆ ಪ್ರಶ್ನೆಪತ್ರಿಕೆ ಕೈಗೆ ಬರುತ್ತೆ, ಆವಾಗ ಯಾರೂ ಏನೂ ಮಾಡೋಕಾಗಲ್ಲ. ತಿದ್ದುಪಡಿಗೆ ಶಾಲಾ ಲಾಗಿನ್ ತೆರೆದಿರೋ ಅವಧಿಯಲ್ಲೇ ಮುಗಿಸಿ. ಆಮೇಲೆ ಆದರೆ ಪರೀಕ್ಷಾ ಮಂಡಳಿಗೆ ದಾಖಲೆ ಸಮೇತ ಅಲೆದಾಟ. ಪೋಷಕರ ಸಭೆ ಆ ವಾರವೇ ಇಟ್ಟುಕೊಂಡು, ಪ್ರತಿ ಮಗುವಿನ ವಿವರದ ಚೀಟಿಗೆ ಮಗು ಮತ್ತು ಪೋಷಕರ ಸಹಿ ತಗೊಳ್ಳಿ. ಸಭೆಗೂ ಒಂದು ಗಟ್ಟಿ ಕಾರಣ ಸಿಗುತ್ತೆ, ಜನ ಬರ್ತಾರೆ.

ಆಂತರಿಕ ಅಂಕವೂ ಹಾಗೇ. ನಾಲ್ಕೂ ಎಫ್‌ಎ ಸೇರಿಸಿ ಪ್ರಥಮ ಭಾಷೆಗೆ 25ಕ್ಕೆ, ಉಳಿದ ವಿಷಯಕ್ಕೆ 20ಕ್ಕೆ ಇಳಿಸಿದ ಮೇಲೆ ಮಕ್ಕಳಿಗೆ ತೋರಿಸಿ ಸಹಿ ಹಾಕಿಸಿ. ಅಪ್‌ಲೋಡ್ ಕೊನೇ ದಿನಕ್ಕೆ ಇಡಬೇಡಿ, ಆ ದಿನ ಸರ್ವರ್ ಇಡೀ ರಾಜ್ಯಕ್ಕೆ ಸುತ್ತುತ್ತಾ ಕೂತಿರುತ್ತೆ. ಹಾಜರಾತಿ 75 ಶೇಕಡಕ್ಕಿಂತ ಕಮ್ಮಿ ಇರೋರ ಪಟ್ಟಿ ಜನವರಿಯಲ್ಲೇ ತೆಗೀರಿ. ಮಾರ್ಚ್‌ನಲ್ಲಿ ತೆಗೆದರೆ ಸರಿಪಡಿಸೋಕೆ ದಿನವೇ ಇರಲ್ಲ. ಬರೆಯಲು ಸಹಾಯಕರು ಬೇಕಾದ ವಿಶೇಷ ಚೇತನ ಮಕ್ಕಳ ವೈದ್ಯಕೀಯ ಪ್ರಮಾಣಪತ್ರವೂ ಅದೇ ಹೊತ್ತಿಗೆ ರೆಡಿ ಇರಲಿ. ಬರೆಯೋ ಹುಡುಗನ ಜೊತೆ ಎರಡು ಪೂರ್ವಸಿದ್ಧತೆಯಾದರೂ ಒಟ್ಟಿಗೆ ಮಾಡಿರಬೇಕು. ಹೇಳೋ ವೇಗ, ಬರೆಯೋ ವೇಗ ಹೊಂದಿಕೊಳ್ಳೋಕೆ ಅಷ್ಟು ಬೇಕು.

ಕಡಲ_ಕಿನಾರೆ

ಒಂಬತ್ತನೆಯವರ ಸುದ್ದಿಯೇ ಇಲ್ಲವಲ್ಲ ಮಾರಾಯ್ರೇ. ಜನವರಿಯಿಂದ ಶಿಕ್ಷಕರೆಲ್ಲ ಹತ್ತನೇ ಕ್ಲಾಸಲ್ಲಿ, ಎಂಟು-ಒಂಬತ್ತಕ್ಕೆ "ಗಲಾಟೆ ಮಾಡದೆ ಓದ್ಕೊಳ್ಳಿ" ಅಂತ ಹೇಳಿ ಹೋಗುವುದು. ಮುಂದಿನ ವರ್ಷದ ನಿಧಾನ ಕಲಿಕೆಯವರು ತಯಾರಾಗುವುದು ಅಲ್ಲಿಯೇ.

ಮಕ್ಕಳೇ ಮಂತ್ರಿಗಳಾಗಿ ಶಾಲೆಯ ಕೆಲಸ ನೋಡುವ ಶಾಲಾ ಸಂಸತ್ತು ಹೇಗೂ ಉಂಟು. ಸಂಕ್ರಾಂತಿ ಕಳೆದ ಸೋಮವಾರ ಹತ್ತನೆಯ ಮಂತ್ರಿಗಳಿಂದ ಒಂಬತ್ತನೆಯವರಿಗೆ ಖಾತೆ ಹಸ್ತಾಂತರ ಮಾಡಿಸಿ. ಬರೀ ಮೈಕ್ ಹಿಡಿದು ಭಾಷಣ ಅಲ್ಲ, ಪುಸ್ತಕ ಸಮೇತ: ಗ್ರಂಥಾಲಯದ ವಿತರಣಾ ವಹಿ, ಯಾರ ಹತ್ತಿರ ಎಷ್ಟು ಪುಸ್ತಕ ಬಾಕಿ; ಕ್ರೀಡಾ ಕೊಠಡಿಯ ಸಾಮಾನು ಪಟ್ಟಿ, ಗಾಳಿ ಹೋದ ಚೆಂಡು ಎಷ್ಟು; ಕೈತೋಟಕ್ಕೆ ನೀರು ಬಿಡುವ ಸರದಿ; ಊಟದ ಸಾಲು, ಕೈ ತೊಳೆಯುವ ನಲ್ಲಿ, ತಟ್ಟೆ ಲೆಕ್ಕ. ಎರಡು ವಾರ ಇಬ್ಬರೂ ಒಟ್ಟಿಗೆ, ಆಮೇಲೆ ದೊಡ್ಡವರು ಬಿಡುವುದು. ವಾರ್ಷಿಕೋತ್ಸವದ ಕುರ್ಚಿ, ನೀರು, ಪಾರ್ಕಿಂಗ್, ಪರದೆ ಎಲ್ಲ ಒಂಬತ್ತನೆಯವರದ್ದೇ ಇರಲಿ. ಆರು ತಂಡ, ತಂಡಕ್ಕೆ ಎಂಟು ಜನ, ಒಬ್ಬ ಶಿಕ್ಷಕರು. ಮಾತನಾಡಲು ಹೆದರುವ ಮಗುವನ್ನು ಸ್ವಾಗತಕ್ಕೆ ಹಾಕುವ ಉತ್ಸಾಹ ಬೇಡ. ಪರದೆ ಎಳೆಯಲು ಹಾಕಿ, ಕ್ರಮಪಟ್ಟಿ ಕೈಯಲ್ಲಿ ಕೊಡಿ. ಯಾವ ತಂಡ ಯಾವಾಗ ಅಂತ ಅವನೇ ಕೂಗಿ ಕರೆಯಬೇಕಾಗುತ್ತದೆ, ಬಾಯಿ ತಾನಾಗಿ ಬಿಡುತ್ತಾನೆ.

ಪಾಠಕ್ಕೆ ಹೇಳುವುದಾದರೆ, ಹತ್ತನೆಯವರ ವಿಶೇಷ ತರಗತಿ ಒಂಬತ್ತನೆಯವರ ಪೀರಿಯಡ್ ಕದ್ದು ನಡೆಯಬಾರದು. ವೇಳಾಪಟ್ಟಿಯಲ್ಲಿ ಇದನ್ನು ಕೆಂಪು ಶಾಯಿಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿದರೆ ಒಳ್ಳೆಯದು.

ಊರುಕೇರಿ (ಸಮಾಜ ವಿಜ್ಞಾನ)

ಸತತ ಮೂರು ದಿನ ಗೈರಾದ ಹುಡುಗಿಯ ಮನೆಗೆ ನಾಲ್ಕನೇ ದಿನ ಹೋಗಿ. ಫೆಬ್ರವರಿಯಿಂದ ಮದುವೆ ಕಾಲ. "ಅಜ್ಜಿಗೆ ಹುಷಾರಿಲ್ಲ, ಊರಿಗೆ ಹೋಗಿದ್ದಾಳೆ" ಅನ್ನೋ ಉತ್ತರ ಎರಡನೇ ಸಲ ಬಂದರೆ ಸುಮ್ಮನಿರಬೇಡಿ. 18 ತುಂಬದ ಹುಡುಗಿಯ ಮದುವೆ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಮಾಡಿದವರ ಹೆಸರು ಹೊರಗೆ ಬರಲ್ಲ. ಮನೆ ಭೇಟಿಗೆ ಇಬ್ಬರು ಹೋಗಿ, ಅದರಲ್ಲಿ ಒಬ್ಬರು ಶಿಕ್ಷಕಿ. ಅಂಗನವಾಡಿ ಕಾರ್ಯಕರ್ತೆಗೆ ಆ ಮನೆಯ ವಿಷಯ ನಮಗಿಂತ ಮೊದಲೇ ಗೊತ್ತಿರುತ್ತೆ, ಅವರನ್ನು ಮೊದಲು ಕೇಳಿ. ಹುಡುಗರ ಗೈರಿಗೆ ಕಾರಣ ಬೇರೆ: ಕೊಯ್ಲು, ಇಟ್ಟಿಗೆ ಗೂಡು, ಗ್ಯಾರೇಜು. ಅಲ್ಲಿ ಅಪ್ಪನ ಜೊತೆ ಮಾತಾಡಬೇಕು, ಅದೂ ರಾತ್ರಿ ಎಂಟರ ಮೇಲೆ.

ಇನ್ನು ನೂರಕ್ಕೆ ನೂರು ಫಲಿತಾಂಶದ ಆಸೆಗೆ "ನೀನು ಈ ಸಲ ಬರೀಬೇಡ" ಅಂತ ಮಗುವನ್ನು ಹಿಂದಕ್ಕೆ ತಳ್ಳೋ ಚಾಳಿ ಕೆಲವು ಕಡೆ ಇದೆ. ಅದು ಅನ್ಯಾಯ, ಜೊತೆಗೆ ದಡ್ಡತನ ಕೂಡ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದ ಅಂಕ ಉಳಿಯುತ್ತೆ. ಪರೀಕ್ಷೆ-1ರಲ್ಲಿ ಎರಡು ವಿಷಯ ಹೋದರೂ ಪರೀಕ್ಷೆ-2ರಲ್ಲಿ ಆ ಎರಡೇ ಬರೆದು ಅದೇ ವರ್ಷ ಪಿಯುಸಿಗೋ ಐಟಿಐಗೋ ಸೇರಬಹುದು. ಇದನ್ನು ಪೋಷಕರ ಸಭೆಯಲ್ಲಿ ಹೇಳಿ, ಆದರೆ ಮಕ್ಕಳ ಮುಂದೆ ಜನವರಿಯಲ್ಲೇ ಹೇಳಬೇಡಿ. "ಇನ್ನೂ ಇದೆಯಲ್ಲ ಸರ್" ಅಂತ ಕೂತುಬಿಡ್ತಾರೆ.

ಪ್ರಭಾರಿ_ಮುಖ್ಯಶಿಕ್ಷಕಿ

ಎಲ್ಲರಿಗೂ ಧನ್ಯವಾದ. ಸಿಬ್ಬಂದಿ ಸಭೆಗೆ ಹೀಗೆ ಒಯ್ಯುತ್ತೇನೆ: ಜನವರಿ ಎರಡನೇ ವಾರ ಮೊದಲ ಪೂರ್ವಸಿದ್ಧತೆ, ಅದರ ಉತ್ತರಪತ್ರಿಕೆ ಮತ್ತು ಹೆಸರಿನ ಚೀಟಿ ಜೊತೆ ಪೋಷಕರ ಸಭೆ. ಸಂಕ್ರಾಂತಿ ನಂತರ ಖಾತೆ ಹಸ್ತಾಂತರ. ಜನವರಿ ಕೊನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ ವಾರ್ಷಿಕೋತ್ಸವ, ಹತ್ತನೆಯವರಿಗೆ ಒಂದು ನೃತ್ಯ, ತಾಲೀಮು ಹತ್ತು ಪೀರಿಯಡ್. ಫೆಬ್ರವರಿ ಪೂರ್ತಿ ಉಳಿದ ಎರಡು ಪೂರ್ವಸಿದ್ಧತೆ ಮತ್ತು ಸಂಜೆ ತರಗತಿ, ಉಸಳಿ ಸಮೇತ. ಎಸ್‌ಡಿಎಂಸಿಯವರನ್ನು ಹಗಲು ಹೊತ್ತಿಗೆ ಒಪ್ಪಿಸೋದು ಬಾಕಿ. ಬೀಳ್ಕೊಡುಗೆ ಎಲ್ಲಿಡಲಿ?

ರಂಗದ_ಹಿಂದೆ

ಮೇಡಂ, ಅತಿಥಿಗಳ ಸಂಖ್ಯೆ ಐದಕ್ಕೆ ಇಳಿಸಿದರೆ ಹಗಲು ತಾನಾಗಿ ಸಾಕಾಗುತ್ತೆ ಅಂತ ಹೇಳಿ ನೋಡಿ. ಅದಕ್ಕಂತೂ ಒಪ್ಪಲ್ಲ, ಹಗಲಿಗಾದರೂ ಒಪ್ಪಬಹುದು.

ಲೆಕ್ಕದ_ಮೇಷ್ಟ್ರು

ಹತ್ತು ಪೀರಿಯಡ್ ಕೊಟ್ಟೆ. ಹನ್ನೊಂದನೆಯದು ಕೇಳಿದರೆ ಗಣಿತದ ಪೀರಿಯಡ್ ಆಗಿರಬಾರದು.

ಆಫೀಸ್_ರೂಮ್

ಬೀಳ್ಕೊಡುಗೆಯನ್ನು ಪ್ರವೇಶಪತ್ರ ಕೊಡೋ ದಿನವೇ ಇಡಿ ಮೇಡಂ, ಆ ದಿನ ಒಬ್ಬರೂ ತಪ್ಪಿಸಿಕೊಳ್ಳಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ ಕಾರ್ಯಕ್ರಮ, ಆಮೇಲೆ ಊಟ, ಊಟದ ನಂತರ ಪ್ರವೇಶಪತ್ರ. ಮೊದಲೇ ಕೊಟ್ಟರೆ ಕಾರ್ಯಕ್ರಮದ ಗದ್ದಲದಲ್ಲಿ ಪಾಯಸದ ತಟ್ಟೆ ಕೆಳಗೆ ನಾಲ್ಕೈದು ಸಿಕ್ಕೇ ಸಿಗುತ್ತವೆ. ಕೊಡುವಾಗ ನೋಂದಣಿ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಅವರ ಕೈಯಲ್ಲೇ ಮೂರು ಸಲ ಬರೆಸಿ, ಒಂದು ನಕಲು ಪ್ರತಿ ಶಾಲೆಯಲ್ಲಿಟ್ಟುಕೊಳ್ಳಿ. ಪರೀಕ್ಷಾ ಕೇಂದ್ರ ಬೇರೆ ಊರಲ್ಲಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಮುಟ್ಟೋ ಬಸ್ ಯಾವುದು ಅಂತ ಪ್ರವೇಶಪತ್ರದ ಹಿಂಬದಿಗೆ ಚೀಟಿ ಪಿನ್ ಮಾಡಿ ಕೊಡಿ. ಪ್ರವೇಶಪತ್ರದ ಮೇಲೆ ಮಾತ್ರ ಪೆನ್ನಿನಲ್ಲಿ ಏನೂ ಬರೆಸಬೇಡಿ.